ನೆಗಡಿ ಬಂತೆಂದು ಮಾತ್ರೆ ನಿಲ್ಲಿಸಬೇಡಿ: ಆಟೊಇಮ್ಯೂನ್ ಕಾಯಿಲೆ ಇರುವವರಿಗೆ ವೈರಸ್ ತರುವ ಅಪಾಯ ಎಷ್ಟು, ಯಾಕೆ?

ಜೂನ್ ಬಂತು, ಮಳೆ ಹಿಡಿಯಿತು, ಶಾಲೆಯಿಂದ ಮಗು ನೆಗಡಿ ಅಂಟಿಸಿಕೊಂಡು ಬಂತು. ಆ ಮನೆಯಲ್ಲಿ ರುಮಟಾಯ್ಡ್ ಸಂಧಿವಾತಕ್ಕೋ ಲೂಪಸ್‌ಗೋ ಮಾತ್ರೆ ನುಂಗುವವರು ಯಾರಾದರೂ ಇದ್ದರೆ ಅವರಿಗೆ ಮೊದಲು ಹೊಳೆಯುವ ಉಪಾಯ ಒಂದೇ. ‘ಈ ಮಾತ್ರೆ ಇಮ್ಯುನಿಟಿ ಕಡಿಮೆ ಮಾಡುತ್ತಂತೆ, ಸದ್ಯಕ್ಕೆ ನಿಲ್ಲಿಸಿಬಿಡೋಣ.’ ಡಾಕ್ಟರಿಗೆ ಒಂದು ಫೋನ್ ಕೂಡ ಮಾಡುವುದಿಲ್ಲ, ಸುಮ್ನೆ ನಿಲ್ಲಿಸುತ್ತಾರೆ. ಕೆಲವು ವಾರಗಳಲ್ಲಿ ಕೀಲುಗಳು ಊದಿಕೊಳ್ಳುತ್ತವೆ. ನಿಲ್ಲಿಸಿದ್ದು ಬಹಳ ದಿನದಿಂದ ತೆಗೆದುಕೊಳ್ಳುತ್ತಿದ್ದ ಸ್ಟೀರಾಯ್ಡ್ ಆಗಿದ್ದರೆ ಅಷ್ಟು ದಿನವೂ ಬೇಕಿಲ್ಲ. ಕೆಲವೇ ದಿನಗಳಲ್ಲಿ ವಾಂತಿ, ತಲೆಸುತ್ತು, ಬಿಪಿ ಕುಸಿತ, ಕೊನೆಗೆ ಎಮರ್ಜೆನ್ಸಿ ವಾರ್ಡ್.

ಆಟೊಇಮ್ಯೂನ್ ಕಾಯಿಲೆ ಇರುವವರಿಗೆ ಫ್ಲೂ, ಕೋವಿಡ್‌ನಂಥ ವೈರಸ್‌ಗಳಿಂದ ಅಪಾಯ ಜಾಸ್ತಿ ಎನ್ನುವುದು ನಿಜ. ಆದರೆ ಅದು ಎಲ್ಲರಿಗೂ ಒಂದೇ ಸಮ ಇಲ್ಲ. ಯಾರಿಗೆ ಜಾಸ್ತಿ, ಯಾವ ಕಾರಣಕ್ಕೆ ಜಾಸ್ತಿ ಎಂದು ತಿಳಿಯದೆ ಹೋದರೆ ಕೆಲವರು ಸುಮ್ಮಸುಮ್ಮನೆ ಹೆದರಿ ಮನೆಯಲ್ಲಿ ಬಾಗಿಲು ಹಾಕಿಕೊಳ್ಳುತ್ತಾರೆ, ನಿಜಕ್ಕೂ ಹುಷಾರಾಗಿರಬೇಕಾದ ಕೆಲವರು ‘ನಂಗೇನೂ ಆಗಲ್ಲ’ ಎಂದು ಓಡಾಡುತ್ತಾರೆ. ಕಾಯಿಲೆಯ ಹೆಸರು ನೋಡಿ ಅಪಾಯ ಅಳೆಯಲು ಆಗುವುದಿಲ್ಲ. ನಿಮ್ಮ ಔಷಧಿ ಚೀಟಿ ನೋಡಬೇಕು, ಶ್ವಾಸಕೋಶ ಹೇಗಿದೆ ನೋಡಬೇಕು, ಕಾಯಿಲೆ ಈಗ ಹತೋಟಿಯಲ್ಲಿದೆಯೇ ನೋಡಬೇಕು.

ಹೆಸರು ಒಂದೇ ಪಟ್ಟಿಯಲ್ಲಿ, ಅಪಾಯ ಬೇರೆ ಬೇರೆ

ದೇಹವನ್ನು ಕಾಯಬೇಕಾದ ವ್ಯವಸ್ಥೆಯೇ ದೇಹದ ಮೇಲೆ ತಿರುಗಿ ಬೀಳುವುದು ಆಟೊಇಮ್ಯೂನ್ ಕಾಯಿಲೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಈ ಪಟ್ಟಿ ಬಹಳ ಉದ್ದ. ರುಮಟಾಯ್ಡ್ ಸಂಧಿವಾತ, ಲೂಪಸ್, ಸ್ಕ್ಲೀರೋಡರ್ಮಾ, ಶೋಗ್ರೆನ್ಸ್, ಸೋರಿಯಾಸಿಸ್, ಮಲ್ಟಿಪಲ್ ಸ್ಕ್ಲೀರೋಸಿಸ್, ಸ್ನಾಯುಗಳು ಸೋಲುವ ಮಯಸ್ತೇನಿಯಾ ಗ್ರೇವಿಸ್, ಟೈಪ್ 1 ಡಯಾಬಿಟಿಸ್, ನಮ್ಮಲ್ಲಿ ಮನೆಮನೆಗೂ ಗೊತ್ತಿರುವ ಹಾಶಿಮೋಟೊ ಥೈರಾಯ್ಡ್ ಎಲ್ಲವೂ ಇದರಲ್ಲೇ ಬರುತ್ತವೆ.

ಈಗ ಒಂದೇ ಬೀದಿಯಲ್ಲಿರುವ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರಿಗೆ 34 ವರ್ಷ, ಹಾಶಿಮೋಟೊ ಥೈರಾಯ್ಡ್. ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ಬಿಟ್ಟರೆ ಬೇರೇನೂ ಇಲ್ಲ. ಅವರ ದೇಹ ಫ್ಲೂ ವೈರಸ್ಸನ್ನು ಎದುರಿಸುವುದಕ್ಕೂ ಉಳಿದವರ ದೇಹ ಎದುರಿಸುವುದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಇನ್ನೊಬ್ಬರಿಗೆ 61 ವರ್ಷ, ಹತ್ತಾರು ವರ್ಷದ ಸಂಧಿವಾತ. ದಿನಾ 15 ಮಿ.ಗ್ರಾಂ ಪ್ರೆಡ್ನಿಸಲೋನ್ ಎಂಬ ಸ್ಟೀರಾಯ್ಡ್, ಆರು ತಿಂಗಳಿಗೊಮ್ಮೆ ರಿಟುಕ್ಸಿಮ್ಯಾಬ್ ಡ್ರಿಪ್. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಜೊತೆಗೆ ಸಕ್ಕರೆ ಕಾಯಿಲೆ. ಇವರಿಗೆ ಅದೇ ಫ್ಲೂ ತಗುಲಿದರೆ ಕಥೆಯೇ ಬೇರೆ. ಇಬ್ಬರದೂ ‘ಆಟೊಇಮ್ಯೂನ್’ ಅಲ್ವಾ ಎಂದು ಒಂದೇ ಸಲಹೆ ಕೊಟ್ಟರೆ ಮೊದಲನೆಯವರಿಗೆ ಅದು ಜಾಸ್ತಿಯಾಗುತ್ತದೆ, ಎರಡನೆಯವರಿಗೆ ಸಾಲದಾಗುತ್ತದೆ.

ಇದನ್ನು ಅಂಕಿಗಳೂ ಹೇಳುತ್ತವೆ. 2020ರಲ್ಲಿ ಇಂಗ್ಲೆಂಡ್‌ನಲ್ಲಿ 1 ಕೋಟಿ 70 ಲಕ್ಷಕ್ಕೂ ಹೆಚ್ಚು ವಯಸ್ಕರ ವೈದ್ಯಕೀಯ ದಾಖಲೆಗಳನ್ನು ಇಟ್ಟುಕೊಂಡು ಕೋವಿಡ್‌ನಿಂದ ಸಾಯುವ ಅಪಾಯ ಯಾರಿಗೆ ಎಷ್ಟು ಎಂದು ಲೆಕ್ಕ ಹಾಕಿದರು. ಸಂಧಿವಾತ, ಲೂಪಸ್, ಸೋರಿಯಾಸಿಸ್ ಮೂರನ್ನೂ ಒಟ್ಟಿಗೆ ತೆಗೆದುಕೊಂಡಾಗ ಅಪಾಯ ಸುಮಾರು 1.2 ಪಟ್ಟು ಜಾಸ್ತಿ ಇತ್ತು. ಅದೇ ಲೆಕ್ಕದಲ್ಲಿ 80 ದಾಟಿದವರಿಗೆ, ಐವತ್ತರ ಆಸುಪಾಸಿನಲ್ಲಿರುವವರಿಗಿಂತ 20 ಪಟ್ಟಿಗೂ ಹೆಚ್ಚು ಅಪಾಯ ಕಂಡಿತು. ಅಂದರೆ ಬರೀ ಕಾಯಿಲೆಯ ಹೆಸರು ಸೇರಿಸುವ ಭಾರ ಸಣ್ಣದು, ವಯಸ್ಸಿನ ಭಾರ ದೊಡ್ಡದು. ಆದರೆ 1.2 ಎನ್ನುವುದು ಎಲ್ಲರ ಸರಾಸರಿ. ಅದರೊಳಗೆ ಏನೂ ಆಗದವರೂ ಇದ್ದಾರೆ, ತುಂಬಾ ಅಪಾಯದಲ್ಲಿದ್ದವರೂ ಇದ್ದಾರೆ.

ಅವರನ್ನು ಬೇರ್ಪಡಿಸಿ ನೋಡುವ ಕೆಲಸವೂ ಅದೇ ವರ್ಷ ಆಯಿತು. ಕೋವಿಡ್ ಶುರುವಾದ ಕೂಡಲೇ ಬೇರೆ ಬೇರೆ ದೇಶಗಳ ಸಂಧಿವಾತ ತಜ್ಞರು ಸೇರಿ ‘ಕೋವಿಡ್-19 ಗ್ಲೋಬಲ್ ರುಮಟಾಲಜಿ ಅಲಯನ್ಸ್’ ಎಂಬ ಕೂಟ ಕಟ್ಟಿದರು. 40 ದೇಶಗಳ 600 ರೋಗಿಗಳ ಮಾಹಿತಿ ನೋಡಿದಾಗ, ದಿನಕ್ಕೆ 10 ಮಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪ್ರೆಡ್ನಿಸಲೋನ್ ಜಾತಿಯ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದವರು ಆಸ್ಪತ್ರೆ ಸೇರುವ ಸಾಧ್ಯತೆ ಸುಮಾರು ಎರಡರಷ್ಟಿತ್ತು. ಉರಿಯೂತ ಎಬ್ಬಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಇಂಜೆಕ್ಷನ್ ಪಡೆಯುತ್ತಿದ್ದವರಲ್ಲಿ ಆ ಸಾಧ್ಯತೆ ಕಡಿಮೆಯೇ ಇತ್ತು! ‘ಇಮ್ಯುನಿಟಿ ಇಳಿಸುವ ಔಷಧಿ’ ಎಂದು ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ವೈರಸ್ ಒಳಗೆ ಬಂದಾಗ ಏನಾಗುತ್ತದೆ

ಔಷಧಿಗಳ ವ್ಯತ್ಯಾಸ ಅರ್ಥವಾಗಬೇಕಾದರೆ ಮೊದಲ ಹತ್ತು ದಿನ ದೇಹದೊಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಫ್ಲೂ, ಕೋವಿಡ್, ಆರ್‌ಎಸ್‌ವಿ, ರೈನೊ, ಎಚ್‌ಎಂಪಿವಿ ಯಾವುದೇ ಇರಲಿ, ಇವು ಮೂಗು ಗಂಟಲಿನ ಒಳಪದರದ ಜೀವಕೋಶಗಳಿಗೆ ನುಗ್ಗಿ ಅಲ್ಲೇ ತಮ್ಮ ಪ್ರತಿಗಳನ್ನು ಮಾಡಿಕೊಳ್ಳುತ್ತವೆ. (2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಎರಡು ಮಕ್ಕಳಲ್ಲಿ ಎಚ್‌ಎಂಪಿವಿ ಪತ್ತೆಯಾದಾಗ ಹೊಸ ಮಹಾಮಾರಿ ಬಂತೆಂದು ಎಷ್ಟೊಂದು ಗಾಬರಿಯಾಯಿತು. ಅದು 2001ರಲ್ಲೇ ನೆದರ್ಲೆಂಡ್ಸ್‌ನಲ್ಲಿ ಗುರುತಿಸಿದ್ದ ವೈರಸ್. ಅದಕ್ಕೂ ಮುಂಚಿನಿಂದ ನಮ್ಮ ನಡುವೆ ಇದ್ದದ್ದೇ.) ವೈರಸ್ ಹೊಕ್ಕ ಜೀವಕೋಶ ಕೆಲವೇ ಗಂಟೆಗಳಲ್ಲಿ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ಅದು ತಾಗಿದ ಅಕ್ಕಪಕ್ಕದ ಜೀವಕೋಶಗಳು ವೈರಸ್ ಬೆಳೆಯದಂತೆ ಒಳಗಿನ ಕೆಲಸಗಳನ್ನು ಬಿಗಿಮಾಡಿಕೊಳ್ಳುತ್ತವೆ. ಮೊದಲ ಎರಡು ಮೂರು ದಿನ ನಮ್ಮನ್ನು ಕಾಯುವುದು ಮುಖ್ಯವಾಗಿ ಇದೇ. ಆಮೇಲೆ, ಸುಮಾರು ಒಂದು ವಾರದ ಹೊತ್ತಿಗೆ, ಈ ವೈರಸ್ಸನ್ನೇ ಗುರುತು ಹಿಡಿದ ಟಿ ಕಣಗಳು (ಒಂದು ಬಗೆಯ ಬಿಳಿ ರಕ್ತಕಣ) ಬಂದು ಸೋಂಕು ತಗುಲಿದ ಜೀವಕೋಶಗಳನ್ನು ಮುಗಿಸುತ್ತವೆ. ಬಿ ಕಣಗಳು ಪ್ರತಿಕಾಯ ತಯಾರಿಸುತ್ತವೆ. ಅಳಿದುಳಿದ ವೈರಸ್ಸನ್ನು ಕಟ್ಟಿಹಾಕುವುದು, ಮುಂದಿನ ಸಲಕ್ಕೆ ನೆನಪಿಟ್ಟುಕೊಳ್ಳುವುದು ಅವುಗಳ ಕೆಲಸ.

ಈ ಮೊದಲ ಹಂತದಲ್ಲೇ ಆಟೊಇಮ್ಯುನಿಟಿ ಹೇಗೆ ಕೈಕೊಡಬಹುದು ಎಂಬುದು 2020ರಲ್ಲಿ ಬೆಳಕಿಗೆ ಬಂತು. ಕೋವಿಡ್‌ನಿಂದ ಸ್ಥಿತಿ ಗಂಭೀರವಾಗಿದ್ದ 987 ರೋಗಿಗಳ ರಕ್ತ ಪರೀಕ್ಷಿಸಿದಾಗ 101 ಜನರಲ್ಲಿ, ತಮ್ಮದೇ ಇಂಟರ್‌ಫೆರಾನನ್ನು ಕಟ್ಟಿಹಾಕುವ ಪ್ರತಿಕಾಯಗಳು ಸಿಕ್ಕವು. ಹತ್ತರಲ್ಲಿ ಒಬ್ಬರಿಗೆ! ಆರೋಗ್ಯವಂತರಲ್ಲಿ ಇವು ತೀರಾ ಅಪರೂಪ. ಇಂಥ ಪ್ರತಿಕಾಯ ಇರುವವರಿಗೆ ವೈರಸ್ ಬಂದ ದಿನ ಎಚ್ಚರಿಕೆಯ ಸುದ್ದಿಯೇ ಸರಿಯಾಗಿ ಮುಟ್ಟುವುದಿಲ್ಲ. ಮುಂದೆ ಫ್ಲೂ ನ್ಯುಮೋನಿಯಾ ತೀವ್ರವಾದ ಕೆಲವರಲ್ಲೂ ಇವು ಕಂಡವು. ಲೂಪಸ್ ಇರುವ ಕೆಲವರಲ್ಲಿ, ಎದೆಯಲ್ಲಿರುವ ಥೈಮಸ್ ಗ್ರಂಥಿಯ ಗಡ್ಡೆಯ ಜೊತೆಗೆ ಮಯಸ್ತೇನಿಯಾ ಇರುವ ಕೆಲವರಲ್ಲಿ ಇವು ಇರುತ್ತವೆ ಎನ್ನುವುದು ಅದಕ್ಕೂ ಹಿಂದೆಯೇ ಗೊತ್ತಿತ್ತು. ಇವರಲ್ಲಿ ಔಷಧಿಯ ಪಾತ್ರ ಇಲ್ಲದೆ ಕಾಯಿಲೆಯ ಗುಣವೇ ರಕ್ಷಣೆಯನ್ನು ಮುರಿಯುತ್ತದೆ. ಆದರೆ ಇದು ಕೆಲವರ ಮಾತು. ಬಹುಪಾಲು ಜನರಲ್ಲಿ ಅಪಾಯದ ಏರುಪೇರು ಔಷಧಿಯಿಂದ, ಕಾಯಿಲೆಯ ಬಿಸಿಯಿಂದ, ಕೆಟ್ಟಿರುವ ಅಂಗಗಳಿಂದ ಆಗುತ್ತದೆ.

ಚೀಟಿಯಲ್ಲಿರುವ ಒಂದೊಂದು ಹೆಸರು

ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಶುರು ಮಾಡೋಣ. ಲೂಪಸ್ ಇರುವವರ ಚೀಟಿಯಲ್ಲಿ ಇದು ಇದ್ದೇ ಇರುತ್ತದೆ ಎನ್ನಬಹುದು. ಇದು ಸೋಂಕಿನ ಅಪಾಯವನ್ನು ಹೆಚ್ಚಿಸುವುದಿಲ್ಲ, ಕಾಯಿಲೆಯನ್ನು ತಣ್ಣಗಿಟ್ಟು ಒಳ್ಳೆಯದನ್ನೇ ಮಾಡುತ್ತದೆ. 2020ರಲ್ಲಿ ಇದು ಕೋವಿಡ್‌ಗೆ ಮದ್ದು ಎಂಬ ಗುಲ್ಲೆದ್ದು ಜನ ಮೆಡಿಕಲ್ ಶಾಪ್‌ಗಳಿಗೆ ಮುಗಿಬಿದ್ದರು. ಮಾರ್ಚ್ 25ರಂದು ಭಾರತ ಇದರ ರಫ್ತನ್ನೇ ತಡೆಯಿತು. ವರ್ಷಗಟ್ಟಲೆ ಇದನ್ನೇ ನಂಬಿದ್ದ ಲೂಪಸ್ ರೋಗಿಗಳು ಒಂದು ಸ್ಟ್ರಿಪ್‌ಗಾಗಿ ಅಂಗಡಿ ಅಂಗಡಿ ಅಲೆಯಬೇಕಾಯಿತು. ಕೊನೆಗೆ ದೊಡ್ಡ ಪರೀಕ್ಷೆಗಳು ಕೋವಿಡ್‌ಗೆ ಇದರಿಂದ ಪ್ರಯೋಜನ ಇಲ್ಲ ಎಂದು ತೋರಿಸಿದವು. ಆ ನಡುವೆ ಮಾತ್ರೆ ಸಿಗದೆ ಒದ್ದಾಡಿದವರ ಸಂಕಟಕ್ಕೆ ಯಾರೂ ಲೆಕ್ಕ ಇಡಲಿಲ್ಲ.

ಸಂಧಿವಾತದವರ ‘ವಾರದ ಮಾತ್ರೆ’ ಮೆಥೊಟ್ರೆಕ್ಸೇಟ್. ಇದು ಕಡಿಮೆ ಡೋಸಿನಲ್ಲಿ ಸೋಂಕಿನ ಅಪಾಯವನ್ನು ಅಷ್ಟೇನೂ ಏರಿಸುವುದಿಲ್ಲ. ಸಲ್ಫಾಸಲಜೀನ್ ಕೂಡ ಹಾಗೆಯೇ. ಅಜಥಯೋಪ್ರಿನ್, ಮೈಕೋಫಿನೊಲೇಟ್, ಸೈಕ್ಲೋಫಾಸ್ಫಮೈಡ್ ಇನ್ನೂ ಗಟ್ಟಿ ಔಷಧಿಗಳು. ಇವು ಟಿ ಮತ್ತು ಬಿ ಕಣಗಳು ಹೆಚ್ಚಾಗುವುದನ್ನೇ ತಡೆಯುತ್ತವೆ. ಟೊಫಾಸಿಟಿನಿಬ್, ಬಾರಿಸಿಟಿನಿಬ್‌ನಂಥ, ಜ್ಯಾಕ್ ಎಂಬ ಕಿಣ್ವವನ್ನು ತಡೆಯುವ ಮಾತ್ರೆಗಳು ಇಂಟರ್‌ಫೆರಾನ್ ಕಳಿಸುವ ಸಂದೇಶವನ್ನೇ ಜೀವಕೋಶದ ಒಳಗೆ ತಗ್ಗಿಸುತ್ತವೆ. ಹಾಗಾಗಿ ಇವನ್ನು ತೆಗೆದುಕೊಳ್ಳುವವರು ಇನ್ನಷ್ಟು ಹುಷಾರಾಗಿರಬೇಕು.

ರಿಟುಕ್ಸಿಮ್ಯಾಬ್ ಬೇರೆಯೇ ಮಾತು. ಒಂದು ಡ್ರಿಪ್ ಕೊಟ್ಟರೆ ರಕ್ತದಲ್ಲಿರುವ ಬಿ ಕಣಗಳು ಹೆಚ್ಚುಕಡಿಮೆ ಖಾಲಿ. ಮತ್ತೆ ಹುಟ್ಟಲು ಆರು ತಿಂಗಳೋ ಅದಕ್ಕಿಂತ ಜಾಸ್ತಿಯೋ ಬೇಕು. ಆ ಅವಧಿಯಲ್ಲಿ ಹೊಸ ವೈರಸ್ ಬಂದರೆ ಅದಕ್ಕೆ ತಕ್ಕ ಪ್ರತಿಕಾಯ ಮಾಡಲು ಕಣಗಳೇ ಇರುವುದಿಲ್ಲ. ಕೋವಿಡ್ ಕಾಲದಲ್ಲಿ ಸಂಧಿವಾತದ ರೋಗಿಗಳಲ್ಲಿ ರಿಟುಕ್ಸಿಮ್ಯಾಬ್ ಪಡೆದವರ ಸ್ಥಿತಿ ಟಿಎನ್‌ಎಫ್ ಇಂಜೆಕ್ಷನ್ ಪಡೆದವರಿಗಿಂತ ಸ್ಪಷ್ಟವಾಗಿ ಕೆಟ್ಟದಾಗಿತ್ತು. ಕೆಲವರಲ್ಲಿ ವೈರಸ್ ವಾರಗಟ್ಟಲೆ, ತಿಂಗಳುಗಟ್ಟಲೆ ದೇಹದಲ್ಲೇ ಉಳಿದು, ಜ್ವರ ಇಳಿದು ಮತ್ತೆ ಏರುತ್ತಿತ್ತು. ಹಾಗೆಂದು ಅದು ಕೆಟ್ಟ ಔಷಧಿ ಅಲ್ಲ. ಕೆಲವು ರಕ್ತನಾಳದ ಉರಿಯೂತಗಳಲ್ಲಿ ಜೀವ ಉಳಿಸುವುದೇ ಅದು. ಪಡೆಯುತ್ತಿರುವವರು ತಮ್ಮ ಕೊನೆಯ ಡ್ರಿಪ್ ತಾರೀಖನ್ನು ನೆನಪಿಟ್ಟುಕೊಂಡಿರಬೇಕು, ಅಷ್ಟೇ.

ಇನ್ನು ಸ್ಟೀರಾಯ್ಡ್. ನಮ್ಮಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು, ಅತಿ ಹೆಚ್ಚು ತಪ್ಪಾಗಿ ಬಳಕೆಯಾಗುವುದು ಇದೇ. ತಿಂಗಳುಗಟ್ಟಲೆ ತೆಗೆದುಕೊಂಡರೆ ಅಪಾಯ ಡೋಸಿನ ಜೊತೆಗೇ ಏರುತ್ತಾ ಹೋಗುತ್ತದೆ. 5 ಮಿ.ಗ್ರಾಂಗೂ 20 ಮಿ.ಗ್ರಾಂಗೂ ಬಹಳ ಅಂತರ. ವೈರಸ್ ಬಂದ ಮೊದಲ ದಿನಗಳಲ್ಲಿ ದೊಡ್ಡ ಡೋಸ್ ಇದ್ದರೆ ದೇಹದ ಮೊದಲ ಎದುರೇಟೇ ಮಂಕಾಗುತ್ತದೆ. ಆದರೆ 2020ರ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಎಂಬ ಔಷಧಿ ಪರೀಕ್ಷೆ ಇನ್ನೊಂದು ಮುಖ ತೋರಿಸಿತು. ಕೋವಿಡ್ ರೋಗಿಗಳಿಗೆ ದಿನಕ್ಕೆ 6 ಮಿ.ಗ್ರಾಂ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ವೆಂಟಿಲೇಟರ್‌ನಲ್ಲಿದ್ದವರ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು, ಆಕ್ಸಿಜನ್ ಬೇಕಾಗಿದ್ದವರಲ್ಲಿ ಸುಮಾರು ಐದನೇ ಒಂದು ಭಾಗ. ಆಕ್ಸಿಜನ್ ಬೇಡವಾಗಿದ್ದವರಿಗೆ ಲಾಭ ಸಿಗಲಿಲ್ಲ. ಯಾಕೆಂದರೆ ಎರಡನೇ ವಾರದಲ್ಲಿ ಶ್ವಾಸಕೋಶವನ್ನು ಹಾಳುಮಾಡುವುದರಲ್ಲಿ ದೇಹದ ಮಿತಿಮೀರಿದ ಉರಿಯೂತದ ಪಾಲು ದೊಡ್ಡದು. ಆಗ ಸ್ಟೀರಾಯ್ಡ್ ಅದನ್ನು ತಗ್ಗಿಸುತ್ತದೆ. ಮೊದಲ ದಿನವೇ ಕೊಟ್ಟರೆ ವೈರಸ್‌ಗೆ ಅನುಕೂಲ. ಮಾತ್ರೆ ಒಂದೇ, ದಿನ ಬೇರೆ, ಪರಿಣಾಮ ತಿರುಗುಮುರುಗು. ಆದ್ದರಿಂದಲೇ ‘ಕಳೆದ ಸಲ ಆಸ್ಪತ್ರೆಯಲ್ಲಿ ಕೊಟ್ಟಿದ್ರು’ ಎಂದು ಮನೆಯಲ್ಲಿ ಉಳಿದ ಸ್ಟೀರಾಯ್ಡ್ ಮಾತ್ರೆಯನ್ನು ಜ್ವರ ಬಂದ ದಿನವೇ ನುಂಗುವುದು ಬೇಡ.

ಅದೇ ರೀತಿ, ವಾರಗಟ್ಟಲೆ ತೆಗೆದುಕೊಳ್ಳುತ್ತಿದ್ದ ಸ್ಟೀರಾಯ್ಡನ್ನು ಜ್ವರ ಬಂತೆಂದು ಒಮ್ಮೆಲೇ ನಿಲ್ಲಿಸುವುದೂ ಬೇಡ. ನಮ್ಮ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದಿನಾ ಕಾರ್ಟಿಸಾಲ್ ತಯಾರಿಸುತ್ತವೆ. ಹೊರಗಿನಿಂದ ಮಾತ್ರೆ ಬರುತ್ತಾ ಇದ್ದರೆ ಅವು ತಮ್ಮ ಕೆಲಸ ಕಡಿಮೆ ಮಾಡಿಕೊಂಡಿರುತ್ತವೆ. ದಿನಕ್ಕೆ 5 ಮಿ.ಗ್ರಾಂ ಪ್ರೆಡ್ನಿಸಲೋನ್ ನಾಲ್ಕು ವಾರ ತೆಗೆದುಕೊಂಡವರಲ್ಲೂ ಹೀಗಾಗಿರಬಹುದು. ಜ್ವರದಲ್ಲಿ ದೇಹಕ್ಕೆ ಕಾರ್ಟಿಸಾಲ್ ಜಾಸ್ತಿ ಬೇಕು. ಆಗಲೇ ಮಾತ್ರೆ ನಿಲ್ಲಿಸಿದರೆ ಒಳಗಿನಿಂದಲೂ ಇಲ್ಲ, ಹೊರಗಿನಿಂದಲೂ ಇಲ್ಲ. ಇಂಥ ಸಮಯದಲ್ಲಿ ಡಾಕ್ಟರು ಕೆಲವು ದಿನ ಡೋಸ್ ಏರಿಸಿ ಎಂದೇ ಹೇಳಬಹುದು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ ಅಂದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತೆಗೆದುಕೊಳ್ಳಬೇಕು.

ಜ್ವರವೇ ಕಾಣದ ಸೋಂಕು

ಸಾಮಾನ್ಯವಾಗಿ ನಾವು ಕಾಯಿಲೆಯ ತೀವ್ರತೆಯನ್ನು ಥರ್ಮಾಮೀಟರಿನಿಂದ ಅಳೆಯುತ್ತೇವೆ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಅದು ಮೋಸ ಮಾಡುತ್ತದೆ. ಒಳಗೆ ನ್ಯುಮೋನಿಯಾ ಬೆಳೆಯುತ್ತಿದ್ದರೂ ಮೈ ಬೆಚ್ಚಗಷ್ಟೇ ಇರಬಹುದು. ಟೊಸಿಲಿಜುಮ್ಯಾಬ್ ಇಂಜೆಕ್ಷನ್ ಪಡೆಯುವವರಲ್ಲಿ ಇನ್ನೂ ವಿಚಿತ್ರ. ಅದು ಐಎಲ್-6 ಎಂಬ ಸಂದೇಶವನ್ನು ತಡೆಯುತ್ತದೆ. ಉರಿಯೂತ ಇದೆಯೇ ಎಂದು ರಕ್ತದಲ್ಲಿ ನೋಡುವ ಸಿಆರ್‌ಪಿಯನ್ನು ಲಿವರ್ ತಯಾರಿಸುವುದೇ ಆ ಸಂದೇಶ ಸಿಕ್ಕಾಗ. ಹಾಗಾಗಿ ಸೋಂಕು ಜೋರಾಗಿದ್ದರೂ ರಿಪೋರ್ಟಿನಲ್ಲಿ ಸಿಆರ್‌ಪಿ ನಾರ್ಮಲ್ ಬರಬಹುದು. ಇದು ಗೊತ್ತಿಲ್ಲದ ಡ್ಯೂಟಿ ಡಾಕ್ಟರು ‘ಏನೂ ಇಲ್ಲ, ಮನೆಗೆ ಹೋಗಿ’ ಎನ್ನುವ ಸಾಧ್ಯತೆ ಇದೆ. ನೀವು ಈ ಇಂಜೆಕ್ಷನ್ ಪಡೆಯುತ್ತಿದ್ದರೆ ನೀವೇ ಬಾಯಿಬಿಟ್ಟು ಹೇಳಿ.

ಹಾಗಾದರೆ ಏನು ನೋಡಬೇಕು? ಉಸಿರು. ಮಾತಾಡುವಾಗ ವಾಕ್ಯ ಮುಗಿಸಲು ಆಗದಿರುವುದು, ಬಾತ್‌ರೂಮಿಗೆ ಹೋಗಿ ಬಂದರೆ ದಮ್ಮು ಕಟ್ಟುವುದು, ಎದೆ ನೋವು, ಗಲಿಬಿಲಿ, ಊಟ ಸೇರದೆ ಬರೀ ಮಲಗೇ ಇರುವುದು. ಪಲ್ಸ್ ಆಕ್ಸಿಮೀಟರ್ ಇದ್ದರೆ 94ಕ್ಕಿಂತ ಕೆಳಗೆ ಹೋದರೆ ಆಸ್ಪತ್ರೆ. ಇಲ್ಲೊಂದು ಸೂಕ್ಷ್ಮ ಇದೆ. ಸ್ಕ್ಲೀರೋಡರ್ಮಾ, ಲೂಪಸ್ ಇರುವ ಹಲವರಿಗೆ ರೇನಾಡ್ಸ್ ತೊಂದರೆ ಇರುತ್ತದೆ. ಚಳಿಗೆ ಬೆರಳುಗಳ ರಕ್ತನಾಳ ಬಿಗಿದು ತುದಿಗಳು ಬಿಳಿಚಿಕೊಂಡು ನೀಲಿಯಾಗುತ್ತವೆ. ಅಂಥ ತಣ್ಣನೆ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರೆ 85, 88 ಎಂದು ತಪ್ಪು ಅಂಕಿ ತೋರಿಸಿ ಗಾಬರಿ ಹುಟ್ಟಿಸುತ್ತದೆ. ಕೈ ಬೆಚ್ಚಗೆ ಉಜ್ಜಿ, ಒಂದೆರಡು ನಿಮಿಷ ಬಿಟ್ಟು, ಬೇರೆ ಬೆರಳಲ್ಲಿ ನೋಡಿ. ಹುಷಾರಾಗಿರುವ ದಿನಗಳಲ್ಲೂ ಒಮ್ಮೆ ಅಳೆದು ಬರೆದಿಟ್ಟುಕೊಂಡಿದ್ದರೆ ಹೋಲಿಸಲು ಸುಲಭ.

ಶ್ವಾಸಕೋಶವೇ ಮೊದಲಿನಿಂದ ಕೆಟ್ಟಿರುವವರಿಗೆ ಈ ಅಳತೆ ಇನ್ನೂ ಮುಖ್ಯ. ಸ್ಕ್ಲೀರೋಡರ್ಮಾ, ಸಂಧಿವಾತ, ಸ್ನಾಯುಗಳ ಉರಿಯೂತವಾದ ಮಯೋಸೈಟಿಸ್‌ನಲ್ಲಿ ಶ್ವಾಸಕೋಶದ ಜಾಲರಿ ಗಡುಸಾಗುವುದುಂಟು. ಡಾಕ್ಟರು ಇದಕ್ಕೆ ಐಎಲ್‌ಡಿ ಎನ್ನುತ್ತಾರೆ. ಅಂಥ ಶ್ವಾಸಕೋಶಕ್ಕೆ ಮಾಮೂಲಿ ಫ್ಲೂ ಕೂಡ ದೊಡ್ಡ ಪೆಟ್ಟು. ವೈರಸ್ ಹೋದ ಮೇಲೂ ಮೊದಲಿನಷ್ಟು ಉಸಿರು ವಾಪಸ್ ಬಾರದೆ ಇರಬಹುದು.

ಇನ್ನೊಂದು ಮಾತು. ನಾಲ್ಕೈದು ದಿನಕ್ಕೆ ಜ್ವರ ಬಿಟ್ಟು, ಸುಧಾರಿಸಿಕೊಂಡೆ ಅನ್ನುವಾಗ ಮತ್ತೆ ಜ್ವರ ಏರಿ ಹಳದಿ ಕಫ ಬಂದರೆ ಅದು ವೈರಸ್‌ನ ಬೆನ್ನಿಗೆ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ ಇರಬಹುದು. ವೈರಸ್ ಉಸಿರುನಾಳದ ಒಳಪದರವನ್ನು ಕಿತ್ತುಹಾಕಿದ ಜಾಗದಲ್ಲಿ ನ್ಯುಮೊಕಾಕಸ್‌ನಂಥವು ಬೇರೂರುತ್ತವೆ. 1918ರ ಫ್ಲೂ ಮಹಾಮಾರಿಯ ಸಾವುಗಳಲ್ಲಿ ಬಹುಪಾಲು ಇದರಿಂದಲೇ ಆದದ್ದು. ಕೆಮ್ಮು ಎರಡು ವಾರ ದಾಟಿದರೆ ನಮ್ಮ ದೇಶದಲ್ಲಿ ಟಿಬಿ ಪರೀಕ್ಷೆಯನ್ನೂ ಬಿಡುವಂತಿಲ್ಲ, ಅದರಲ್ಲೂ ಟಿಎನ್‌ಎಫ್ ಇಂಜೆಕ್ಷನ್ ಪಡೆಯುವವರು.

ವೈರಸ್ ಹೋದ ಮೇಲೆ ಮೂಲ ಕಾಯಿಲೆ ಕೆರಳುವುದೂ ಇದೆ. ಮಲ್ಟಿಪಲ್ ಸ್ಕ್ಲೀರೋಸಿಸ್ ಇರುವವರಿಗೆ ಜ್ವರದ ಬಿಸಿಗೇ ಹಳೆಯ ಲಕ್ಷಣಗಳು ಮರುಕಳಿಸಿ, ಜ್ವರ ಇಳಿದಾಗ ಹೋಗುತ್ತವೆ. ಹಾಗೆ ಹೋಗದೆ ಉಳಿದರೆ ನರರೋಗ ತಜ್ಞರನ್ನು ಕಾಣಬೇಕು.

ಮೆಡಿಕಲ್ ಶಾಪ್‌ನಿಂದ ತಂದ ಮಾತ್ರೆ

ನನ್ನ ಪ್ರಕಾರ ನಮ್ಮಲ್ಲಿ ವೈರಸ್ಸಿನಷ್ಟೇ ಹೆದರಬೇಕಾದ್ದು ಇದಕ್ಕೆ. ನೆಗಡಿ ಎಂದು ಅಂಗಡಿಗೆ ಹೋದರೆ ಒಂದು ಆ್ಯಂಟಿಬಯೋಟಿಕ್, ಒಂದು ನೋವಿನ ಮಾತ್ರೆ, ಒಂದು ಸಿರಪ್ ಕೈಗೆ ಬರುತ್ತವೆ. ವೈರಸ್ ಮೇಲೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆಟೊಇಮ್ಯೂನ್ ಔಷಧಿ ತೆಗೆದುಕೊಳ್ಳುವವರಿಗೆ ಅದು ಬರೀ ದಂಡ ಆಗುವುದಲ್ಲ, ಅಪಾಯವೇ ಆಗಬಹುದು.

ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು ಕೋ-ಟ್ರೈಮಾಕ್ಸಜೋಲ್ ಮಾತ್ರೆ, ಅಂದರೆ ಸೆಪ್ಟ್ರಾನ್, ಬ್ಯಾಕ್ಟ್ರಿಮ್ ಹೆಸರಿನಲ್ಲಿ ಸಿಗುವುದನ್ನು, ತಮ್ಮ ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಎರಡೂ ಸೇರಿದರೆ ಮೂಳೆಮಜ್ಜೆಯಲ್ಲಿ ರಕ್ತಕಣ ಹುಟ್ಟುವುದೇ ನಿಂತುಹೋಗಬಹುದು. ಬಾಯಿತುಂಬಾ ಹುಣ್ಣು, ಬಿಳಿ ರಕ್ತಕಣಗಳ ಕುಸಿತ, ಪ್ಲೇಟ್‌ಲೆಟ್ ಕುಸಿತ. ಇದರಿಂದ ಜೀವ ಹೋದ ಪ್ರಕರಣಗಳಿವೆ. ಮಯಸ್ತೇನಿಯಾ ಇರುವವರಿಗೆ ಅಜಿತ್ರೊಮೈಸಿನ್, ಸಿಪ್ರೊಫ್ಲಾಕ್ಸಸಿನ್‌ನಂಥವು ಸ್ನಾಯುಗಳನ್ನು ಇನ್ನಷ್ಟು ಸೋಲಿಸುತ್ತವೆ. ರೆಪ್ಪೆ ಜೋಲುವುದು, ನುಂಗಲು ಆಗದಿರುವುದು, ಉಸಿರಾಡುವ ಸ್ನಾಯುಗಳೇ ಸೋಲುವುದು. ಸೋಂಕು ತಾನಾಗಿಯೇ ಈ ಸ್ಥಿತಿ ತರಬಲ್ಲದು, ಅದರ ಮೇಲೆ ಈ ಮಾತ್ರೆಯೂ ಸೇರಿದರೆ ಕೇಳಬೇಕೇ? ಲೂಪಸ್‌ನಿಂದ ಕಿಡ್ನಿಗೆ ತೊಂದರೆ ಆದವರಿಗೆ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಒಳ್ಳೆಯದಲ್ಲ. ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಸಾಕು.

ಇನ್ನು ‘ಇಮ್ಯುನಿಟಿ ಬೂಸ್ಟರ್’ಗಳು. ಹಾದಿ ತಪ್ಪಿರುವ ಇಮ್ಯುನಿಟಿಯನ್ನು ಇನ್ನಷ್ಟು ಕೆರಳಿಸುವುದು ಈ ಕಾಯಿಲೆ ಇರುವವರಿಗೆ ಬೇಕಾದದ್ದೇ ಅಲ್ಲ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕಷಾಯ ಮನೆಮನೆಗೂ ಬಂತು. 2021ರಲ್ಲಿ ಮುಂಬೈನ ಲಿವರ್ ತಜ್ಞರು, ಅಮೃತಬಳ್ಳಿ ಸೇವಿಸಿದ ಮೇಲೆ ಲಿವರ್ ಕೆಟ್ಟ 6 ರೋಗಿಗಳ ವಿವರ ಪ್ರಕಟಿಸಿದರು. ಲಿವರಿನಲ್ಲಿ ಕಂಡದ್ದು ಆಟೊಇಮ್ಯೂನ್ ಹೆಪಟೈಟಿಸ್‌ನಂಥದೇ ಹಾನಿ. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಆದರೆ ಮರುವರ್ಷ ದೇಶದ ಬೇರೆ ಬೇರೆ ಆಸ್ಪತ್ರೆಗಳಿಂದ ಇನ್ನೂ ಹೆಚ್ಚು ರೋಗಿಗಳ ವಿವರ ಬಂತು. ನಿಮಗೆ ಆಟೊಇಮ್ಯೂನ್ ಕಾಯಿಲೆ ಇದ್ದರೆ ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿಯುವುದು ಬೇಡ ಎಂದೇ ನಾನು ಹೇಳುತ್ತೇನೆ. ಶುಂಠಿ, ಮೆಣಸು ಹಾಕಿದ ಬಿಸಿ ಸಾರಿಗೆ ಯಾವ ತಕರಾರೂ ಇಲ್ಲ.

ಲಸಿಕೆ: ಹಾಕಿಸಿಕೊಳ್ಳುವುದಷ್ಟೇ ಅಲ್ಲ, ಯಾವಾಗ ಎಂಬುದೂ ಮುಖ್ಯ

ಫ್ಲೂ ಲಸಿಕೆ ಪ್ರತಿ ವರ್ಷ ಬೇಕು, ಯಾಕೆಂದರೆ ವೈರಸ್ ಬದಲಾಗುತ್ತಾ ಇರುತ್ತದೆ. ಭಾರತದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದ ಆಸುಪಾಸಿನಲ್ಲಿ ಇನ್ನೊಮ್ಮೆ. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಫ್ಲೂನಿಂದ ಹಾಸನದಲ್ಲಿ ಹಿರಿಯರೊಬ್ಬರು ತೀರಿಕೊಂಡದ್ದು ನೆನಪಿರಬಹುದು. ಕರ್ನಾಟಕದಲ್ಲಿ ಇರುವವರು ಮುಂಗಾರು ಶುರುವಾಗುವ ಮುಂಚೆ, ಏಪ್ರಿಲ್ ಮೇನಲ್ಲಿ ಹಾಕಿಸಿಕೊಳ್ಳುವುದು ಒಳ್ಳೆಯದು. ವಯಸ್ಕರಿಗೆ ಇದು ಸಾಮಾನ್ಯವಾಗಿ ದುಡ್ಡು ಕೊಟ್ಟೇ ಸಿಗುವುದು. ತೋಳಿಗೆ ಹಾಕುವ ಇಂಜೆಕ್ಷನ್‌ನಲ್ಲಿ ಜೀವಂತ ವೈರಸ್ ಇರುವುದಿಲ್ಲ. ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆಯಲ್ಲಿ ಇರುತ್ತದೆ, ಇಮ್ಯುನಿಟಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಅದು ಬೇಡ.

ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಒಂದು ಒಳ್ಳೆಯ ಉಪಾಯ ಇದೆ. 2018ರಲ್ಲಿ ದಕ್ಷಿಣ ಕೊರಿಯಾದ ತಜ್ಞರು ಸಂಧಿವಾತದ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಫ್ಲೂ ಲಸಿಕೆಯ ನಂತರ ಎರಡು ವಾರ ಮೆಥೊಟ್ರೆಕ್ಸೇಟ್ ನಿಲ್ಲಿಸಿತು, ಇನ್ನೊಂದು ಮುಂದುವರಿಸಿತು. ನಿಲ್ಲಿಸಿದವರಲ್ಲಿ ನೂರಕ್ಕೆ ಸುಮಾರು 75 ಜನರಿಗೆ ತೃಪ್ತಿಕರ ಪ್ರತಿಕಾಯ ಬಂತು, ಮುಂದುವರಿಸಿದವರಲ್ಲಿ ಸುಮಾರು 55 ಜನರಿಗೆ. 2022ರಲ್ಲಿ ಬ್ರಿಟನ್ನಿನಲ್ಲಿ ಕೋವಿಡ್ ಬೂಸ್ಟರ್ ಜೊತೆ ಇದನ್ನೇ ಮಾಡಿದಾಗ ಪ್ರತಿಕಾಯ ಸುಮಾರು ಎರಡು ಪಟ್ಟಾಯಿತು. ಕೆಲವರಿಗೆ ಸ್ವಲ್ಪ ದಿನ ಕೀಲುನೋವು ಜಾಸ್ತಿಯಾದದ್ದೂ ಹೌದು. ಅಮೆರಿಕದ ಸಂಧಿವಾತ ತಜ್ಞರ ಸಂಘವೂ, ಕಾಯಿಲೆ ಹತೋಟಿಯಲ್ಲಿದ್ದರೆ ಫ್ಲೂ ಲಸಿಕೆಯ ನಂತರ ಎರಡು ವಾರ ಮೆಥೊಟ್ರೆಕ್ಸೇಟ್ ನಿಲ್ಲಿಸಬಹುದು ಎಂದು ಸಲಹೆ ಕೊಡುತ್ತದೆ. ‘ಹತೋಟಿಯಲ್ಲಿದ್ದರೆ’ ಎಂಬುದನ್ನು ತೀರ್ಮಾನಿಸಬೇಕಾದವರು ನಿಮ್ಮ ಡಾಕ್ಟರು.

ರಿಟುಕ್ಸಿಮ್ಯಾಬ್ ಪಡೆಯುವವರಿಗೆ ಫ್ಲೂ ಲಸಿಕೆ ಕಾಯುವಂತಿಲ್ಲ, ಋತು ಬಂದಾಗ ಹಾಕಿಸಿಬಿಡುವುದು. ನ್ಯುಮೊಕಾಕಲ್‌ನಂಥ ಉಳಿದ ಲಸಿಕೆಗಳನ್ನು ಮುಂದಿನ ಡ್ರಿಪ್ ಹತ್ತಿರ ಬಂದಾಗ ಹಾಕಿಸಿ, ಕನಿಷ್ಠ ಎರಡು ವಾರ ಬಿಟ್ಟು ಡ್ರಿಪ್ ತೆಗೆದುಕೊಳ್ಳುತ್ತಾರೆ. ಪ್ರತಿಕಾಯ ಬಾರದಿದ್ದರೂ ಟಿ ಕಣಗಳು ಕಲಿತುಕೊಳ್ಳುತ್ತವೆ. ಆದ್ದರಿಂದ ‘ನಂಗೆ ಲಸಿಕೆ ಹಾಕಿಸಿ ಪ್ರಯೋಜನ ಇಲ್ಲ’ ಎಂದು ಕೈಬಿಡಬೇಡಿ. ಅಂಥವರ ಮನೆಯಲ್ಲಿ ಗಂಡ, ಹೆಂಡತಿ, ಮಕ್ಕಳು, ಮನೆಗೆಲಸಕ್ಕೆ ಬರುವವರು ಹಾಕಿಸಿಕೊಂಡರೆ ವೈರಸ್ ಮನೆಯೊಳಗೆ ಬರುವ ದಾರಿಯೇ ಕಿರಿದಾಗುತ್ತದೆ.

ಮಾಸ್ಕ್ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ಮದುವೆ ಮಂಟಪ, ಎಸಿ ಬಸ್ಸು, ಆಸ್ಪತ್ರೆಯ ಕಾಯುವ ಕೋಣೆ ಇಂಥ ಕಡೆ ಎನ್95 ಹಾಕಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ನೆಗಡಿ ಇದ್ದರೆ ಕಿಟಕಿ ತೆರೆದಿಡಿ.

ಜ್ವರ ಬಂದೇಬಿಟ್ಟರೆ

ಮೊದಲ ದಿನವೇ ಫೋನ್ ಮಾಡಿ. ಫ್ಲೂಗೆ ಕೊಡುವ ಒಸೆಲ್ಟಮಿವಿರ್ ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಹೆಚ್ಚು ಅಪಾಯ ಇರುವವರಿಗೆ ರಿಪೋರ್ಟ್ ಬರುವವರೆಗೆ ಕಾಯದೆ ಶುರು ಮಾಡುವುದೂ ಉಂಟು. ಒಂದು ಕಾಲಕ್ಕೆ ಅದು ಆಯ್ದ ಅಂಗಡಿಗಳಲ್ಲಿ ಮಾತ್ರ ಸಿಗುತ್ತಿತ್ತು. 2017ರಿಂದ ಈಚೆಗೆ ಮಾಮೂಲಿ ಮೆಡಿಕಲ್ ಶಾಪ್‌ಗಳಲ್ಲೂ ಡಾಕ್ಟರ ಚೀಟಿಗೆ ಸಿಗುತ್ತದೆ. ಕೋವಿಡ್‌ನ ವೈರಸ್ ತಡೆಯುವ ಮಾತ್ರೆಗಳಲ್ಲಿ ರಿಟೊನಾವಿರ್ ಸೇರಿರುವುದಿದ್ದರೆ ಹುಷಾರು. ಅದು ಟ್ಯಾಕ್ರೊಲಿಮಸ್, ಸೈಕ್ಲೋಸ್ಪೋರಿನ್ ಎಂಬ ಇಮ್ಯುನಿಟಿ ತಗ್ಗಿಸುವ ಔಷಧಿಗಳ ಮಟ್ಟವನ್ನು ರಕ್ತದಲ್ಲಿ ಅಪಾಯಕಾರಿಯಾಗಿ ಏರಿಸುತ್ತದೆ.

ಫೋನಿನಲ್ಲಿ ‘ನಂಗೆ ಲೂಪಸ್ ಇದೆ’ ಎಂದಷ್ಟೇ ಹೇಳಿದರೆ ಸಾಲದು. ಸ್ಟೀರಾಯ್ಡ್ ಎಷ್ಟು ಮಿ.ಗ್ರಾಂ, ಎಷ್ಟು ತಿಂಗಳಿಂದ, ಕೊನೆಯ ಇಂಜೆಕ್ಷನ್ ಅಥವಾ ಡ್ರಿಪ್ ಯಾವ ತಾರೀಖು, ವಾರದ ಮಾತ್ರೆಯ ದಿನ ಯಾವುದು, ಶ್ವಾಸಕೋಶ ಕಿಡ್ನಿ ಹೇಗಿವೆ ಎಂದು ಹೇಳಿ. ಡಾಕ್ಟರು ಸಾಮಾನ್ಯವಾಗಿ ಹೇಳುವುದು ಇಷ್ಟು: ಹೈಡ್ರಾಕ್ಸಿಕ್ಲೋರೋಕ್ವಿನ್ ಮುಂದುವರಿಸಿ, ಸ್ಟೀರಾಯ್ಡ್ ನಿಲ್ಲಿಸಬೇಡಿ, ಈ ವಾರದ ಮೆಥೊಟ್ರೆಕ್ಸೇಟ್ ಬಿಡಿ, ಇಂಜೆಕ್ಷನ್ ಮುಂದಕ್ಕೆ ಹಾಕಿ. ಬರೀ ಮೂಗು ಸೋರುತ್ತಿದೆ, ಜ್ವರ ಇಲ್ಲ ಎಂದರೆ ಏನನ್ನೂ ನಿಲ್ಲಿಸುವುದು ಬೇಡ ಎನ್ನಲೂಬಹುದು.

ನಿಲ್ಲಿಸಿ ಎಂದಾಗ ‘ಮತ್ತೆ ಯಾವಾಗ ಶುರು ಮಾಡಲಿ?’ ಎಂದು ಅದೇ ಫೋನಿನಲ್ಲಿ ಕೇಳಿಬಿಡಿ. ಎಷ್ಟೋ ಜನ ಸೋಂಕಿನಿಂದ ಗೆದ್ದು, ಮಾತ್ರೆ ವಾಪಸ್ ಶುರು ಮಾಡದೆ, ಎರಡು ತಿಂಗಳ ಮೇಲೆ ಊದಿದ ಕೈಕಾಲು ಹೊತ್ತು ಬರುತ್ತಾರೆ. ಸೋಂಕು ಸಾದಾ ಆಗಿದ್ದರೆ ಲಕ್ಷಣಗಳು ಹೋದ ಮೇಲೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಮತ್ತೆ ಶುರು ಮಾಡಿಸುತ್ತಾರೆ. ಆಸ್ಪತ್ರೆ ಸೇರಿದ್ದವರಿಗೆ ಇನ್ನೂ ತಡವಾಗಬಹುದು. ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ, ಮಾತ್ರೆ ಶುರುವಾದ ಎರಡು ವಾರಕ್ಕೆ ಒಮ್ಮೆ ರಕ್ತಪರೀಕ್ಷೆ ಬೇಕೇ ಎಂದೂ ಕೇಳಿಕೊಳ್ಳಿ.